ತಪ್ಪೊಪ್ಪಿಗೆ ಮತ್ತು ಕರುಣೆ: ಬಸವಣ್ಣನವರ ಮೂರು ವಚನಗಳ ವಿವೇಚನೆ

ವಚನವಾಙ್ಮಯವನ್ನು ವಿದ್ವಾಂಸರು ಅನೇಕ ದೃಷ್ಟಿಗಳಿಂದ ಪರಿಶೀಲಿಸಿದ್ದಾರೆ. 1923ರಲ್ಲಿ ಪೂಜ್ಯ ಫ. ಗು. ಹಳಕಟ್ಟಿಯವರು ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಪ್ರಕಟಿಸಿದಂದಿನಿಂದ, 1993ರಲ್ಲಿ ಡಾ. ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಸಮಗ್ರ ವಚನ ಸಾಹಿತ್ಯವು 15 ಸಂಪುಟಗಳಲ್ಲಿ ಬೆಳಕು ಕಂಡವರೆಗೆ, ಪಾಠಶೋಧನೆ, ಷಟ್‌ಸ್ಥಲ ತತ್ತ್ವ, ಸಾಮಾಜಿಕ ಸಮತೆ, ಕಾಯಕ, ದಾಸೋಹ ಮುಂತಾದ ವಿಷಯಗಳ ಮೇಲೆ ಬಂದಿರುವ ಬರಹಗಳು ಒಂದು ಗ್ರಂಥಾಲಯವನ್ನೇ ತುಂಬುವಷ್ಟಿವೆ. ಆದರೆ ಬಸವಣ್ಣನವರ ವಚನಗಳಲ್ಲಿ ಎದ್ದು ಕಾಣುವ ಒಂದು ಗುಂಪಿಗೆ, ಅಂದರೆ ತಮ್ಮ ದೋಷವನ್ನು ತಾವೇ ಹೇಳಿಕೊಂಡು ಶಿವನ ಮುಂದೆ ನಿಲ್ಲುವ ನಿವೇದನೆಯ ವಚನಗಳಿಗೆ, ಸಲ್ಲಬೇಕಾದಷ್ಟು ಗಮನ ಸಂದಿಲ್ಲ. ಅವುಗಳನ್ನು ನಾವು ಪ್ರತಿದಿನ ಹಾಡುತ್ತೇವೆ, ಮಕ್ಕಳಿಗೆ ಕಂಠಪಾಠ ಮಾಡಿಸುತ್ತೇವೆ, ಸಭೆಯ ಆರಂಭದಲ್ಲಿ ಪ್ರಾರ್ಥನೆಯಾಗಿ ಬಳಸುತ್ತೇವೆ. ಅವು ಏನನ್ನು ಒಪ್ಪಿಕೊಳ್ಳುತ್ತವೆ, ಯಾರ ಎದುರು ಒಪ್ಪಿಕೊಳ್ಳುತ್ತವೆ, ಒಪ್ಪಿಕೊಂಡ ಮೇಲೆ ಏನಾಗಬೇಕೆಂದು ಬಯಸುತ್ತವೆ ಎಂಬ ಪ್ರಶ್ನೆಗಳನ್ನು ಮಾತ್ರ ಕೇಳುವುದಿಲ್ಲ.

ಇಂಥ ವಚನಗಳನ್ನು ಓದುವ ಎರಡು ಬಗೆಗಳು ರೂಢಿಯಲ್ಲಿವೆ. ಮೊದಲನೆಯದು, ಇವು ವಿನಯದ ಮಾತುಗಳು, ಮಹಾತ್ಮರು ತಮ್ಮನ್ನು ಕಿರಿದು ಮಾಡಿ ಹೇಳಿಕೊಳ್ಳುವುದು ಸಂಪ್ರದಾಯ, ಆದ್ದರಿಂದ ಇವನ್ನು ಅಕ್ಷರಶಃ ತೆಗೆದುಕೊಳ್ಳಬೇಕಾಗಿಲ್ಲ ಎಂಬುದು. ಎರಡನೆಯದು, ಇವು ಆತ್ಮಚರಿತ್ರೆಯ ತುಣುಕುಗಳು, ಇವುಗಳಿಂದ ಕವಿಯ ಬದುಕಿನ ದೌರ್ಬಲ್ಯಗಳನ್ನು ಊಹಿಸಬಹುದು ಎಂಬುದು. ಮೊದಲನೆಯ ಬಗೆ ವಚನದ ಸತ್ಯವನ್ನು ಕಸಿದುಕೊಳ್ಳುತ್ತದೆ. ಎರಡನೆಯದು ಅದರ ದಿಕ್ಕನ್ನು ತಪ್ಪಿಸುತ್ತದೆ. ವಿನಯವೆಂದವರು ಹೊಗಳಿ ಮುಂದೆ ಸಾಗುತ್ತಾರೆ. ಆತ್ಮಚರಿತ್ರೆಯೆಂದವರು ಅನ್ಯರ ಮನೆಯೊಳಗೆ ಇಣುಕುತ್ತಾರೆ. ಇಬ್ಬರೂ ಆ ಮಾತು ತಮಗೂ ತಗಲುವಂಥದು ಎಂಬುದನ್ನು ಮರೆಯುತ್ತಾರೆ. ಈ ಎರಡಕ್ಕೂ ಭಿನ್ನವಾದ ಓದೊಂದು ಸಾಧ್ಯವೆಂದು ತೋರಿಸುವುದು ಪ್ರಕೃತ ಲೇಖನದ ಉದ್ದೇಶ.

ಈ ವಿಷಯವನ್ನು ಕುರಿತು ಬರೆಯಬೇಕೆಂಬ ಒತ್ತಾಯ ಹುಟ್ಟಿದ್ದು ಗ್ರಂಥಗಳಿಂದಲ್ಲ, ಚಿಂತಾಕಿಯಿಂದ. ಔರಾದ ತಾಲೂಕಿನ ಈ ಹೋಬಳಿಯ ಊರು ಗಡಿನಾಡಿಗೆ ಸೇರಿದ್ದು. ಕನ್ನಡದೊಡನೆ ಮರಾಠಿ, ತೆಲುಗು, ಉರ್ದು ಮಾತುಗಳೂ ಅಲ್ಲಿಯ ಜನರ ಕಿವಿಗೆ ಪರಿಚಿತ. ಈ ಭಾಗದ ಭಜನೆಗಳಲ್ಲಿ ಶರಣರ ವಚನಗಳ ಜೊತೆಗೆ ಕಪಿಲಧಾರದ ಮನ್ಮಥಸ್ವಾಮಿಗಳ ಮರಾಠಿ ಅಭಂಗಗಳನ್ನೂ ಹಾಡುವುದುಂಟು. ಅಲ್ಲಿ ಒಂದು ಶ್ರಾವಣಮಾಸದಲ್ಲಿ ಪ್ರವಚನ ನಡೆಸುವ ಯೋಗ ಒದಗಿತ್ತು. ವಿಷಯ ಶಿವನ ಕರುಣೆ. ಕೊನೆಯ ರಾತ್ರಿ, ಮಂಗಲಕ್ಕೆ ಮುಂಚೆ, ಹಿಂದಿನ ಸಾಲಿನಲ್ಲಿ ಕುಳಿತಿದ್ದ ವಯೋವೃದ್ಧ ರೈತರೊಬ್ಬರು ಎದ್ದು ನಿಂತು ಕೈಮುಗಿದು ಕೇಳಿದರು: “ಅಪ್ಪೋರೆ, ಒಬ್ಬಾತ ಅದಾನ. ವರ್ಷಾ ಹರಗೋ ಮುಂದ ತಮ್ಮನ ಹೊಲದ ಬದು ಒಂದೊಂದು ಸಾಲು ಒತ್ತಿಕೋತ ಬಂದಾನ. ದಿನಾ ಮುಂಜಾನೆ ಲಿಂಗದ ಮುಂದ ಕುಂತು ‘ತಪ್ಪಾತು ಶಿವನೇ’ ಅಂತಾನ, ಕಣ್ಣೀರೂ ಬರ್ತಾವ. ಮುಂದಿನ ವರ್ಷ ಮತ್ತ ಒಂದು ಸಾಲು ಒತ್ತತಾನ. ಇದು ಪ್ರಾರ್ಥನಾನೋ, ಚಟಾನೋ?”

ಆ ‘ಒಬ್ಬಾತ’ ಯಾರೆಂದು ಕೇಳಲಿಲ್ಲ, ಕೇಳಬಾರದು. ಶಿವನು ಕರುಣಾಸಾಗರನು, ನಂಬಿ ಮೊರೆಯಿಟ್ಟವರನ್ನು ಎಂದೂ ಕೈಬಿಡನು, ಕಣ್ಣೀರು ವ್ಯರ್ಥವಾಗದು ಎಂದು ಉತ್ತರಿಸಿದ್ದಾಯಿತು. ಹಿರಿಯರು “ಆಯ್ತ್ರಿ ಅಪ್ಪೋರೆ” ಎಂದು ಕುಳಿತರು. ಸಭೆ ಹರಹರ ಮಹಾದೇವ ಎಂದಿತು. ಮಠಕ್ಕೆ ಮರಳುವ ದಾರಿಯಲ್ಲಿ ಆ ‘ಆಯ್ತ್ರಿ’ ಎಂಬ ಮಾತು ಮುಳ್ಳಿನಂತೆ ಚುಚ್ಚತೊಡಗಿತು. ಹೇಳಿದ್ದರಲ್ಲಿ ಸುಳ್ಳಿರಲಿಲ್ಲ, ಆದರೆ ಆ ಉತ್ತರದಲ್ಲಿ ತಮ್ಮನ ಹೊಲ ಇರಲಿಲ್ಲ. ಕೇಳಿದವರು ಬದುವಿನ ಬಗೆಗೆ ಕೇಳಿದ್ದರು. ಉತ್ತರ ಬಂದದ್ದು ಆಕಾಶದ ಬಗೆಗೆ.

ಪೀಠದಲ್ಲಿರುವವರು ‘ನಾವು’ ಎಂದು ಹೇಳಿಕೊಳ್ಳುವುದು ರೂಢಿ. ಆ ‘ನಾವು’ ಪರಂಪರೆಯದು, ವ್ಯಕ್ತಿಯದಲ್ಲ ಎಂಬ ಭಾವನೆಯಿಂದ ಬಂದದ್ದು. ಆದರೆ ತಪ್ಪನ್ನು ಹೇಳುವಾಗ ಅದು ನೆರವಿಗೆ ಬರುವುದಿಲ್ಲ. ಚಿಂತಾಕಿಯಲ್ಲಿ ಅರ್ಧ ಉತ್ತರ ಕೊಟ್ಟವರು ‘ನಾವು’ ಅಲ್ಲ, ಕೊಟ್ಟವನು ನಾನು. ಬಸವಣ್ಣನವರ ನಿವೇದನಾ ವಚನಗಳಲ್ಲಿ ಮೊದಲು ಗಮನಿಸಬೇಕಾದ ಸಂಗತಿಯೂ ಇದೇ. ‘ನಾವೆಲ್ಲರೂ ಪಾಪಿಗಳು’ ಎಂಬ ಬಹುವಚನದ ಒಪ್ಪಿಗೆ ಅಲ್ಲಿ ಇಲ್ಲ. ಎಲ್ಲರೂ ಪಾಪಿಗಳೆಂದಾಗ ಯಾರೊಬ್ಬರೂ ತಲೆ ತಗ್ಗಿಸಬೇಕಾಗಿಲ್ಲ. ಹೊಣೆ ಹಂಚಿಹೋಗಿ ಹಗುರಾಗುತ್ತದೆ. ಬಸವಣ್ಣನವರು ‘ಆನು’, ‘ಎನ್ನ’ ಎಂಬ ಏಕವಚನದಲ್ಲಿ ನಿಲ್ಲುತ್ತಾರೆ. ಲೋಕವನ್ನು ತಿದ್ದಲು ಹೊರಟವರಿಗೆ ಮೊದಲು ನಿಮ್ಮ ತನುಮನಗಳನ್ನು ಸರಿಪಡಿಸಿಕೊಳ್ಳಿ ಎಂದು ಹೇಳಿದವರು, ಆ ಮಾತನ್ನು ತಮಗೇ ಮೊದಲು ಅನ್ವಯಿಸಿಕೊಂಡರು.

ಈಗ ಮೂರು ವಚನಗಳನ್ನು ಅವಲೋಕಿಸೋಣ. ಮೂರೂ ವಾಚಕರಿಗೆ ಚೆನ್ನಾಗಿ ಪರಿಚಿತವಾದವು. ಆದ್ದರಿಂದ ಅವುಗಳನ್ನು ಇಲ್ಲಿ ಉದ್ಧರಿಸದೆ ಭಾವವನ್ನಷ್ಟೇ ಹೇಳುತ್ತೇನೆ.

ಮೊದಲನೆಯದು ಒಡೆಯನಿಲ್ಲದ ಮನೆಯ ವಚನ. ಕಾಲಿಟ್ಟವರಿಲ್ಲದೆ ಬಾಗಿಲಲ್ಲಿ ಕಳೆ ಬೆಳೆದ, ಒಳಗೆಲ್ಲ ಧೂಳು ಹಿಡಿದ ಒಂದು ಮನೆಯ ಚಿತ್ರವನ್ನು ಬಸವಣ್ಣನವರು ನಮ್ಮ ಮುಂದಿಡುತ್ತಾರೆ. ಬರಗಾಲದಲ್ಲಿ ದುಡಿಮೆಗಾಗಿ ದೂರದ ನಗರಗಳಿಗೆ ಗುಳೆ ಹೋದವರ ಮನೆಗಳನ್ನು ಕಂಡ ನಮ್ಮ ಸೀಮೆಯವರಿಗೆ ಈ ಚಿತ್ರವನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ಮನೆಯೇ ತಮ್ಮ ದೇಹ. ಅದರೊಳಗೆ ಅಸತ್ಯ ಸೇರಿದೆ, ಮನಸ್ಸಿನಲ್ಲಿ ವಿಷಯಾಸಕ್ತಿ ಸೇರಿದೆ. ಆದಿಯಲ್ಲಿ ಒಡೆಯನು ಇದ್ದಾನೋ ಇಲ್ಲವೋ ಎಂಬ ಪ್ರಶ್ನೆ; ಅಂತ್ಯದಲ್ಲಿ ಇಲ್ಲ ಎಂಬ ಉತ್ತರ. ಅಷ್ಟೇ. ಈ ವಚನದಲ್ಲಿ ಕ್ಷಮೆಯ ಯಾಚನೆಯಿಲ್ಲ, ಕರುಣೆಯ ಹೆಸರಿಲ್ಲ, ಸಮಜಾಯಿಷಿಯಿಲ್ಲ. ಕಾಲ ಕೆಟ್ಟದ್ದು, ಸಂಗ ಕೆಟ್ಟದ್ದು, ಪೂರ್ವಜನ್ಮದ ಕರ್ಮ ಎಂಬ ಯಾವ ನೆಪವೂ ಇಲ್ಲ. ಮನೆ ಹೇಗಿದೆಯೋ ಹಾಗೆ ತೋರಿಸಿ ಸುಮ್ಮನಾಗುತ್ತದೆ.

ಹಾಗಾದರೆ ಇಲ್ಲಿ ಭರವಸೆ ಎಲ್ಲಿದೆ? ಇದು ನಿರಾಶೆಯ ವಚನವೆಂದು ಮೇಲುನೋಟಕ್ಕೆ ತೋರಬಹುದು. ಆದರೆ ಒಡೆಯನು ಮನೆಯಲ್ಲಿಲ್ಲ ಎಂಬ ಮಾತನ್ನು ಬಸವಣ್ಣನವರು ಯಾರಿಗೆ ಹೇಳುತ್ತಿದ್ದಾರೆ ಎಂಬುದನ್ನು ಗಮನಿಸಬೇಕು. ಕೂಡಲಸಂಗಮದೇವನಿಗೇ, ಅಂದರೆ ಆ ಒಡೆಯನಿಗೇ! ನೀನು ನನ್ನಲ್ಲಿ ಇಲ್ಲ ಎಂದು ಅವನನ್ನೇ ಕರೆದು ಹೇಳುವವನು ಅವನು ಕೇಳುತ್ತಾನೆ ಎಂಬ ನಂಬಿಕೆಯನ್ನು ಬಿಟ್ಟವನಲ್ಲ. ವಚನದ ಅಂಕಿತವನ್ನು ನಾವು ಸಾಮಾನ್ಯವಾಗಿ ಕವಿಯ ಮುದ್ರಿಕೆಯೆಂದು ಓದಿ ದಾಟಿಬಿಡುತ್ತೇವೆ. ಈ ವಚನದಲ್ಲಿ ಅಂಕಿತವೇ ಪ್ರಾರ್ಥನೆ. ಬೇರೆ ಯಾವ ಬೇಡಿಕೆಯೂ ಇಲ್ಲದ ಕಡೆ ಆ ಸಂಬೋಧನೆಯೊಂದೇ ಬಾಗಿಲನ್ನು ತೆರೆದಿಟ್ಟಿದೆ.

ಎರಡನೆಯದು ಕೆಸರಿನಲ್ಲಿ ಸಿಕ್ಕ ಪಶುವಿನ ವಚನ. ಕೆಸರಿಗೆ ಬಿದ್ದ ದನವೊಂದು ನಾಲ್ಕೂ ದಿಕ್ಕಿಗೆ ಮೊರೆಯಿಡುತ್ತದೆ; ಕೇಳುವವರಿಲ್ಲ; ಒಡೆಯನು ಅದರ ಕೊಂಬು ಹಿಡಿದು ಮೇಲೆತ್ತಬೇಕು. ಪ್ರವಚನದಲ್ಲಿ ಇದನ್ನು ನಾನು ಜೀವನ ಅಸಹಾಯಕತೆಯ ನಿದರ್ಶನವಾಗಿ ವಿವರಿಸಿದ್ದೆ. ಮರುದಿನ ಬೆಳಿಗ್ಗೆ ಬೀಳ್ಕೊಡಲು ಬಂದವರಲ್ಲಿ ಅದೇ ಹಿರಿಯರೂ ಇದ್ದರು. ನನ್ನ ವಿವರಣೆಗೆ ಅವರು ಒಂದು ಮಾತು ಸೇರಿಸಿದರು: “ಅಪ್ಪೋರೆ, ರಾಡ್ಯಾಗ ಸಿಕ್ಕ ದನಾ ಒದ್ದಾಡಿದಷ್ಟೂ ಕೆಳಗ ಹೋಗ್ತದ. ಮಾಲಕನ ದನಿ ಕೇಳಿದ್ರ ಒದ್ದಾಡೋದು ಬಿಡ್ತದ. ಬಿಟ್ಟ ಮ್ಯಾಗೇ ಎತ್ತಲಿಕ್ಕ ಬರ್ತದ.” ನಾನು ಶಾಸ್ತ್ರದಿಂದ ವಿವರಿಸಿದ್ದ ವಚನವನ್ನು ಅವರು ಕೆಸರಿಗಿಳಿದ ಅನುಭವದಿಂದ ಓದಿದ್ದರು.

ಆ ಮಾತಿನ ಬೆಳಕಿನಲ್ಲಿ ವಚನವನ್ನು ಮತ್ತೆ ತೆರೆದು ನೋಡಿದೆ. ಮೂರು ಅಂಶಗಳು ಹೊಸದಾಗಿ ಕಂಡವು. ಒಂದನೆಯದು ವ್ಯಾಕರಣಕ್ಕೆ ಸಂಬಂಧಿಸಿದ್ದು. ವಚನದ ಕೊನೆಯ ಕ್ರಿಯಾರೂಪ ‘ಎತ್ತಿದರೆ’ ಎಂಬ ಅರ್ಥದ್ದಲ್ಲ, ‘ಎತ್ತುವ ತನಕ’ ಎಂಬ ಅರ್ಥದ್ದು. ‘ಎತ್ತಿದರೆ’ ಎಂಬಲ್ಲಿ ಸಂಶಯವಿದೆ, ಷರತ್ತಿದೆ. ‘ಎತ್ತುವ ತನಕ’ ಎಂಬಲ್ಲಿ ಎತ್ತುವುದು ನಿಶ್ಚಿತ, ಕಾಲವೊಂದೇ ಅನಿಶ್ಚಿತ. ಕೂಗು ಸಾಗುತ್ತಿರುವುದು ಆ ನಿಶ್ಚಯದಿಂದಲೇ. ನಾವು ಪ್ರಾರ್ಥನೆಯನ್ನು ಫಲಕ್ಕೆ ಕಾರಣವೆಂದು ಭಾವಿಸುತ್ತೇವೆ. ಬೇಡಿದರೆ ಕೊಡುತ್ತಾನೆ ಎನ್ನುತ್ತೇವೆ. ಈ ವಚನದಲ್ಲಿ ಕ್ರಮ ತಿರುವುಮುರುವಾಗಿದೆ: ಕೊಡುವವನಿದ್ದಾನೆ ಎಂದು ಗೊತ್ತಿರುವುದರಿಂದಲೇ ಬೇಡುವುದು ಸಾಧ್ಯವಾಗಿದೆ.

ಎರಡನೆಯದು ‘ಪಶು’ ಎಂಬ ಶಬ್ದ. ಶೈವಾಗಮಗಳಲ್ಲಿ ಪತಿ, ಪಶು, ಪಾಶ ಎಂಬ ಮೂರು ತತ್ತ್ವಗಳು ಪ್ರಸಿದ್ಧ. ಪಾಶದಿಂದ ಬದ್ಧನಾದ ಜೀವನೇ ಪಶು, ಅವನ ಒಡೆಯನೇ ಪಶುಪತಿ. ದನವೆಂಬ ಹಳ್ಳಿಯ ಅರ್ಥವನ್ನೂ ಜೀವನೆಂಬ ಆಗಮದ ಅರ್ಥವನ್ನೂ ಬಸವಣ್ಣನವರು ಒಂದೇ ಶಬ್ದದಲ್ಲಿ ಹಿಡಿದಿದ್ದಾರೆ. ಪಶುವೆಂದು ಒಪ್ಪಿಕೊಳ್ಳುವುದು ಹೀನಾಯವೂ ಹೌದು, ಹಕ್ಕೂ ಹೌದು. ಪಶುವಾದುದರಿಂದಲೇ ಪಶುಪತಿಯ ಮೇಲೆ ಅದಕ್ಕೆ ಅಧಿಕಾರವುಂಟು. ಮೂರನೆಯದು ಕೊಂಬು. ದಂಡೆಯ ಮೇಲೆ ನಿಂತು ಹಗ್ಗ ಎಸೆಯಬಹುದು, ಕೋಲು ಚಾಚಬಹುದು. ಕೊಂಬು ಹಿಡಿಯಲು ಬಾರದು. ಕೊಂಬನ್ನೇ ಹಿಡಿಯಬೇಕಾದರೆ ಒಡೆಯನೂ ಕೆಸರಿಗೆ ಇಳಿಯಬೇಕು. ಬಸವಣ್ಣನವರು ಬಯಸಿದ ಕರುಣೆ ದೂರದಿಂದ ಬರುವ ಕೃಪಾಕಟಾಕ್ಷವಲ್ಲ, ಮೈಗೆ ಕೆಸರು ಮೆತ್ತಿಕೊಳ್ಳುವ ಕರುಣೆ.

ಇಲ್ಲಿಯವರೆಗೆ ಹೇಳಿದ್ದು ಶಿವ ಮತ್ತು ಭಕ್ತ ಇಬ್ಬರ ನಡುವಿನ ಮಾತಾಯಿತು. ಇಲ್ಲಿಗೇ ನಿಂತರೆ ನಾನು ಚಿಂತಾಕಿಯಲ್ಲಿ ಕೊಟ್ಟ ಉತ್ತರವೇ ಸಾಕಾಗುತ್ತಿತ್ತು. ಮೂರನೆಯ ವಚನ ಸಾಕಾಗದೆನ್ನುತ್ತದೆ. ಅದು ಕಿನ್ನರಿ ಬೊಮ್ಮಯ್ಯನವರ ಹೆಸರು ಬರುವ ವಚನ. ತಮ್ಮ ತಪ್ಪುಗಳು ಎಣಿಕೆಗೆ ಮೀರಿದವು ಎಂದು ಬಸವಣ್ಣನವರು ಅದರಲ್ಲಿ ಮೊದಲು ಹೇಳುತ್ತಾರೆ. ಶಿವನ ತಾಳ್ಮೆ ಲೆಕ್ಕಕ್ಕೇ ಸಿಕ್ಕದ್ದು ಎಂದು ಆಮೇಲೆ ಹೇಳುತ್ತಾರೆ. ಪರಂಪರೆ ಬಸವಣ್ಣನವರನ್ನು ಬಿಜ್ಜಳನ ಭಂಡಾರಿ ಎಂದು ಗುರುತಿಸುತ್ತದೆ. ಜಮೆಖರ್ಚು ತಿಳಿದವರ ಬಾಯಿಂದ ಬಂದ ಮಾತು ಇದು. ತಪ್ಪಿನ ಕಡೆಗೆ ಎಷ್ಟೇ ದೊಡ್ಡದಾದರೂ ಕೋಟಿಯ ಸಂಖ್ಯೆಯೊಂದಿದೆ. ಕರುಣೆಯ ಕಡೆಗೆ ಸಂಖ್ಯೆಯೇ ಇಲ್ಲ. ಎರಡನ್ನೂ ಒಂದೇ ಖಾತೆಯಲ್ಲಿ ಕೂಡಿಸಿ ಕಳೆಯಲು ಬಾರದು ಎಂಬುದು ಇಂಗಿತ.

ಆದರೆ ವಚನ ಅಲ್ಲಿಗೆ ಮುಗಿಯುವುದಿಲ್ಲ. ಮತ್ತೆ ತಪ್ಪಿದರೆ ನಿನ್ನ ಪಾದವೇ ತಮಗೆ ದಿವ್ಯ ಎಂಬ ಪ್ರತಿಜ್ಞೆ ಬರುತ್ತದೆ. ‘ದಿವ್ಯ’ ಎಂಬುದು ಇಲ್ಲಿ ವಿಶೇಷಣವಲ್ಲ, ನ್ಯಾಯವಿಚಾರಣೆಯ ಪಾರಿಭಾಷಿಕ ಶಬ್ದ. ಸಾಕ್ಷ್ಯಗಳಿಂದ ನಿರ್ಣಯವಾಗದ ವ್ಯಾಜ್ಯದಲ್ಲಿ ಆಪಾದಿತನು ಕಾದ ಕಬ್ಬಿಣವನ್ನು ಹಿಡಿದೋ, ಕಾದ ಎಣ್ಣೆ ತುಪ್ಪಗಳಲ್ಲಿ ಕೈಯಿಟ್ಟೋ ತನ್ನ ಸತ್ಯವನ್ನು ಸಾಬೀತುಗೊಳಿಸಬೇಕಾಗಿದ್ದ ಪರೀಕ್ಷೆಗೆ ಧರ್ಮಶಾಸ್ತ್ರಗಳು ದಿವ್ಯವೆಂದು ಕರೆದಿವೆ. ಯಾವ ಪಾದವನ್ನು ಆಶ್ರಯವೆಂದು ಹಿಡಿದಿದ್ದಾರೋ ಅದೇ ಪಾದವನ್ನು ಬಸವಣ್ಣನವರು ಸುಡುವ ಪರೀಕ್ಷೆಯನ್ನಾಗಿಯೂ ಮಾಡಿಕೊಂಡರು. ಇದಾದ ಮೇಲೆ ಕಡೆಯ ಮಾತು: ಪ್ರಮಥರ ಸಮ್ಮುಖದಲ್ಲಿ ಕಿನ್ನರಿ ಬೊಮ್ಮಯ್ಯನವರೇ ಇದಕ್ಕೆ ಸಾಕ್ಷಿ. ದೇವರ ಮುಂದೆ ಮಾಡಿದ ಪ್ರತಿಜ್ಞೆಗೆ ಮನುಷ್ಯನೊಬ್ಬನ ಸಾಕ್ಷಿ ಏಕೆ? ಸರ್ವಜ್ಞನಾದ ಶಿವನಿಗೆ ಸಾಕ್ಷಿಯ ಅಗತ್ಯವಿಲ್ಲ, ಅಗತ್ಯವಿರುವುದು ತಪ್ಪಿದವನಿಗೆ. ನಾಳೆ ಅವನು ಮಾತು ಮರೆತರೆ ನೆನಪಿಸಲು ಎದುರಿಗೆ ಒಂದು ಮುಖ ಇರಬೇಕು.

ಕಿನ್ನರಿ ಬೊಮ್ಮಯ್ಯನವರ ಹೆಸರಿನೊಡನೆ ಪುರಾಣಪರಂಪರೆಯಲ್ಲಿ ಉಳ್ಳಿಯ ಕಥೆಯೊಂದು ಹೊಂದಿಕೊಂಡಿದೆ. ವಿವರಗಳಲ್ಲಿ ಭೇದಗಳಿದ್ದರೂ ತಿರುಳು ಇಷ್ಟು: ಬೊಮ್ಮಯ್ಯನವರು ಭಕ್ತಿಯಿಂದ ಬಳಸುತ್ತಿದ್ದ ಉಳ್ಳಾಗಡ್ಡಿಯ ವಾಸನೆಯನ್ನು ಕುರಿತು ಬಸವಣ್ಣನವರು ಹಗುರಾಗಿ ಆಡಿದ ಮಾತು ಅವರ ಮನಸ್ಸನ್ನು ನೋಯಿಸಿತು, ಅವರು ಕಲ್ಯಾಣವನ್ನೇ ಬಿಟ್ಟು ಹೊರಟರು. ಇದನ್ನರಿತ ಬಸವಣ್ಣನವರು ಅದೇ ಉಳ್ಳಾಗಡ್ಡಿಯನ್ನು ಗೌರವದಿಂದ ಮೆರೆಸಿ, ಹೋಗಿ, ತಪ್ಪೊಪ್ಪಿ, ಅವರನ್ನು ಕರೆತಂದರು. ವಚನವೂ ಕಥೆಯೂ ಒಂದೇ ಸಂದರ್ಭದವೆಂಬುದು ನನ್ನ ವಾದವಲ್ಲ. ಆದರೆ ಎರಡನ್ನೂ ಜೊತೆಗಿಟ್ಟು ಓದಿದಾಗ ಒಂದರ ಅರ್ಥ ಇನ್ನೊಂದರಿಂದ ಬೆಳಗುತ್ತದೆ. ತಪ್ಪು ಬಹಳ ದೊಡ್ಡದೇನಲ್ಲ, ಒಂದು ಮಾತು. ಬಸವಣ್ಣನವರು ಮಹಾಮನೆಯಲ್ಲಿ ಕುಳಿತು ಸಂಗಮನಾಥನ ಕ್ಷಮೆ ಬೇಡಿ ಸಮಾಧಾನಪಟ್ಟುಕೊಳ್ಳಬಹುದಾಗಿತ್ತು. ಹಾಗೆ ಮಾಡಲಿಲ್ಲ. ಯಾರಿಗೆ ನೋವಾಯಿತೋ ಅವರ ಬಳಿಗೆ ಹೋದರು. ಯಾವುದನ್ನು ಹಳಿದರೋ ಅದನ್ನೇ ತಲೆಯ ಮೇಲೆ ಹೊತ್ತರು. ಒಪ್ಪಿಗೆ ತಪ್ಪಿನ ಅಳತೆಗೆ ಸರಿಹೊಂದಿತು, ತಪ್ಪಿನ ವಿಳಾಸಕ್ಕೇ ತಲುಪಿತು.

ಈ ದೃಷ್ಟಿಯಿಂದ ಶಿವಭಕ್ತರಲ್ಲಿ ಪ್ರಸಿದ್ಧವಾದ ‘ಶಿವಾಪರಾಧ ಕ್ಷಮಾಪಣ ಸ್ತೋತ್ರ’ವನ್ನು ಹೋಲಿಸಿ ನೋಡಬಹುದು. ಶಂಕರಾಚಾರ್ಯರ ಹೆಸರಿನಲ್ಲಿ ಪ್ರಚಲಿತವಾಗಿರುವ ಈ ಸ್ತೋತ್ರ ಗರ್ಭವಾಸದಿಂದ ತೊಡಗಿ ಬಾಲ್ಯ, ಯೌವನ, ವಾರ್ಧಕ್ಯಗಳವರೆಗಿನ ಅಪರಾಧಗಳನ್ನು ಹೇಳಿ, ಹೆಚ್ಚಿನ ಶ್ಲೋಕಗಳ ಕೊನೆಗೆ ಕ್ಷಮಿಸೆಂದು ಬೇಡುತ್ತದೆ. ಅದರ ಶಬ್ದಸೌಷ್ಠವ, ಲಯದ ಗಾಂಭೀರ್ಯಗಳು ನಿರ್ವಿವಾದ. ಸ್ವತಃ ಮಾತು ತೋಚದವನಿಗೆ ಅದು ಮಾತು ಕೊಡುತ್ತದೆ ಎಂಬುದೂ ದೊಡ್ಡ ಉಪಕಾರವೇ. ಆದರೆ ಅದರಲ್ಲಿ ಬರುವ ಅಪರಾಧಗಳು ಬಹುಮಟ್ಟಿಗೆ ಪೂಜೆ ಮಾಡದ, ಬಿಲ್ವ ಅರ್ಪಿಸದ, ಜಪ ತಪ್ಪಿಸಿದ ಅಪರಾಧಗಳು. ನೆರೆಯವನಿಗೆ ಮಾಡಿದ ಅನ್ಯಾಯಕ್ಕೆ ಅಲ್ಲಿ ಸ್ಥಳ ತೀರ ಕಡಿಮೆ. ಆ ಸ್ತೋತ್ರ ಹೇಳಿದವನು ಶಿವನೊಡನೆ ಮಾತ್ರ ರಾಜಿಯಾಗಿ ಎದ್ದುಬಿಡಬಹುದು. ಬಸವಣ್ಣನವರ ವಚನ ಹೇಳಿದವನು ಬೊಮ್ಮಯ್ಯನವರ ಮುಖ ನೋಡದೆ ಏಳುವಂತಿಲ್ಲ.

ಹೊರನಾಡುಗಳ ಸಾಹಿತ್ಯದಲ್ಲಿಯೂ ತಪ್ಪೊಪ್ಪಿಗೆ ಒಂದು ಮಹತ್ವದ ಪ್ರಕಾರ. ಕ್ರಿ. ಶ. 400ರ ಸುಮಾರಿಗೆ ಸಂತ ಆಗಸ್ಟೀನನು ಬರೆದ ‘ಕನ್ಫೆಷನ್ಸ್’ ಆದ್ಯಂತ ದೇವರನ್ನು ಸಂಬೋಧಿಸಿದ ಗ್ರಂಥ. ಹುಡುಗನಾಗಿದ್ದಾಗ ಗೆಳೆಯರೊಡನೆ ಪಕ್ಕದ ತೋಟದ ಹಣ್ಣು ಕದ್ದ ಪ್ರಸಂಗವನ್ನು ಆತ ಎಷ್ಟು ಕೂಲಂಕಷವಾಗಿ ವಿಚಾರಿಸುತ್ತಾನೆಂದರೆ, ಹಣ್ಣಿಗಿಂತ ಕದಿಯುವ ಸುಖವೇ ತನ್ನನ್ನು ಸೆಳೆಯಿತೆಂಬ ಸತ್ಯ ಹೊರಬರುತ್ತದೆ. ಅಲ್ಲಿಯೂ ಉಳ್ಳಿಯ ಕಥೆಯಂತೆ ತಪ್ಪು ಚಿಕ್ಕದು, ನೋಟ ತೀಕ್ಷ್ಣ. ಅದಕ್ಕೆ ಪ್ರತಿಯಾಗಿ 18ನೆಯ ಶತಮಾನದ ಫ್ರೆಂಚ್ ಲೇಖಕ ರೂಸೋ ಅದೇ ಹೆಸರಿನ ತನ್ನ ಗ್ರಂಥದಲ್ಲಿ ಓದುಗರನ್ನೇ ನ್ಯಾಯಾಧೀಶರನ್ನಾಗಿ ಮಾಡಿಕೊಂಡು, ತಪ್ಪು ಹೇಳುತ್ತಲೇ ತನ್ನ ಪರವಾಗಿ ವಾದಿಸುತ್ತಾನೆ. ಅದು ಸಾಹಿತ್ಯವಾಗಿ ದೊಡ್ಡದು, ಪ್ರಾರ್ಥನೆಯಲ್ಲ. ಕರುಣೆಯಲ್ಲಿ ಭರವಸೆಯಿಲ್ಲದ ಕಡೆ ತಪ್ಪೊಪ್ಪಿಗೆ ಬೇಗ ವಕೀಲಿಯಾಗುತ್ತದೆ ಎಂಬುದಕ್ಕೆ ಅದು ಸಾಕ್ಷಿ.

ನಮ್ಮ ಕಾಲಕ್ಕೆ ಹತ್ತಿರದ ದೃಷ್ಟಾಂತ ಮಹಾತ್ಮಾ ಗಾಂಧಿಯವರದು. ಹದಿನೈದರ ವಯಸ್ಸಿನಲ್ಲಿ ಅಣ್ಣನ ತೋಳಿನ ಕಡಗದಿಂದ ಚಿನ್ನದ ಚೂರೊಂದನ್ನು ಕದ್ದ ಸಂಗತಿಯನ್ನು ಅವರು ಆತ್ಮಕಥೆಯಲ್ಲಿ ಬರೆದಿದ್ದಾರೆ. ತಪ್ಪನ್ನು ಚೀಟಿಯಲ್ಲಿ ಬರೆದು, ಶಿಕ್ಷೆ ಬೇಡಿ, ಇನ್ನೆಂದೂ ಕದಿಯೆನೆಂದು ಪ್ರತಿಜ್ಞೆ ಮಾಡಿ, ಹಾಸಿಗೆ ಹಿಡಿದಿದ್ದ ತಂದೆಯ ಕೈಗಿತ್ತರು. ತಂದೆ ಕಣ್ಣೀರಿಟ್ಟು ಚೀಟಿಯನ್ನು ಹರಿದುಹಾಕಿದರು. ಇದನ್ನು ಬೊಮ್ಮಯ್ಯನವರ ವಚನದೊಡನೆ ಇಟ್ಟು ನೋಡಿದರೆ ಅಂಗಗಳೆಲ್ಲ ಒಂದೇ: ಹೆಸರಿಟ್ಟು ಹೇಳಿದ ತಪ್ಪು, ತಾಳ್ಮೆಯಲ್ಲಿ ನಂಬಿಕೆ, ಮರಳಿ ಮಾಡೆನೆಂಬ ಪ್ರತಿಜ್ಞೆ, ಕೇಳುವ ಅಧಿಕಾರವುಳ್ಳ ಒಬ್ಬ ಮನುಷ್ಯನ ಎದುರು. ಏಳು ಶತಮಾನಗಳಿಗೂ ಹೆಚ್ಚಿನ ಅಂತರದಲ್ಲಿ ಒಂದೇ ಶಿಲ್ಪ ಮತ್ತೆ ಮೂಡಿರುವುದು ಆಕಸ್ಮಿಕವಲ್ಲ. ಪಶ್ಚಾತ್ತಾಪದ ಸ್ವರೂಪವೇ ಅಂಥದು.

ಇಲ್ಲಿ ಒಂದು ಆಕ್ಷೇಪ ಸಹಜ. ಕರುಣೆ ನಿಶ್ಚಿತವೆಂದಾದ ಮೇಲೆ ತಿದ್ದಿಕೊಳ್ಳುವ ಅವಸರವೇನು? ‘ಎತ್ತುವ ತನಕ’ ಎಂಬ ಭರವಸೆಯೇ ಕೆಸರಿನಲ್ಲಿ ಹಾಯಾಗಿ ಮಲಗಲು ನೆಪವಾಗದೇ? ಈ ಆಕ್ಷೇಪದ ಅರಿವು ಶರಣರಿಗೂ ಇತ್ತು. ‘ಆಚಾರವೇ ಪ್ರಾಣವಾದ ರಾಮೇಶ್ವರಲಿಂಗ’ ಎಂಬ ಅಂಕಿತದ ಅಕ್ಕಮ್ಮನವರ ವಚನಗಳಲ್ಲಿ ವ್ರತನಿಷ್ಠೆಯ ವಿಷಯದಲ್ಲಿ ಎಳ್ಳಷ್ಟೂ ಸಡಿಲಿಕೆಯಿಲ್ಲ. ಬಸವಣ್ಣನವರ ತಾಳ್ಮೆಯ ಮಾತು ಮತ್ತು ಅಕ್ಕಮ್ಮನವರ ನಿಷ್ಠುರತೆ ಪರಸ್ಪರ ವಿರುದ್ಧವೆಂದು ನಾನು ತಿಳಿಯಲಾರೆ. ಒಂದು ಕಳೆದ ಕಾಲದ ಗಂಟನ್ನು ಬಿಚ್ಚುತ್ತದೆ, ಇನ್ನೊಂದು ಬರುವ ಕಾಲದ ಬೇಲಿಯನ್ನು ಕಟ್ಟುತ್ತದೆ. ಆ ಹಿರಿಯರ ಮಾತೂ ಇದೇ ಅಲ್ಲವೇ? ಒಡೆಯನ ದನಿ ಕೇಳಿದ ದನ ಒದ್ದಾಟ ಬಿಡುತ್ತದೆ. ದಿನವೂ ಕೂಗಿ ದಿನವೂ ಒದ್ದಾಡುವುದು ದನಿಯನ್ನು ಇನ್ನೂ ಕೇಳದಿರುವುದರ ಲಕ್ಷಣ.

ಕೇಳಿದವರು ಏನು ಮಾಡಿದರೆಂಬುದಕ್ಕೆ ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳ ಪ್ರಸಂಗವೇ ಸಾಕು. ಅವರ ಅಂಕಿತದ ಅಮರೇಶ್ವರನು ರಾಯಚೂರು ಜಿಲ್ಲೆಯವನು. ನಮ್ಮ ಔರಾದಿನ ಅಮರೇಶ್ವರನ ಹೆಸರೂ ಅದೇ ಆದುದರಿಂದ ಈ ಭಾಗದವರಿಗೆ ಆ ದಂಪತಿಗಳು ಮನೆಯವರಂತೆ. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನವರ ಕಾಯಕ. ಒಂದು ದಿನ ಅಗತ್ಯಕ್ಕಿಂತ ಹೆಚ್ಚು ತಂದರು. ಲಕ್ಕಮ್ಮನವರು ಶಿವನಲ್ಲಿ ಕ್ಷಮೆ ಬೇಡಿಕೊಳ್ಳಿರೆಂದು ಹೇಳಲಿಲ್ಲ. ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬನ್ನಿ ಎಂದರು. ಮಾರಯ್ಯನವರು ಹಾಗೆಯೇ ಮಾಡಿದರು. ಶರಣಧರ್ಮದಲ್ಲಿ ಪಶ್ಚಾತ್ತಾಪವೆಂದರೆ ಹಿಂತಿರುಗಿಸಿದ ಅಕ್ಕಿ. ಅದಕ್ಕೆ ಮುಂಚಿನ ಕಣ್ಣೀರು ಒಳ್ಳೆಯದೇ. ಆದರೆ ಅದು ಅಕ್ಕಿಯ ಬದಲಿಗೆ ಸಲ್ಲುವುದಿಲ್ಲ.

ಇನ್ನೊಂದು ಮಾತನ್ನು ವಿಮರ್ಶೆಯ ದೃಷ್ಟಿಯಿಂದ ಹೇಳಬೇಕು. ಇಂಥ ನಿವೇದನೆಯ ವಚನಗಳಲ್ಲಿ ಬಹುಪಾಲು ಷಟ್‌ಸ್ಥಲ ಕ್ರಮದಲ್ಲಿ ಭಕ್ತಸ್ಥಲಕ್ಕೆ, ಅಂದರೆ ಮೊದಲ ಮೆಟ್ಟಿಲಿಗೆ, ಸೇರಿವೆ. ಇದರಿಂದ ತಪ್ಪೊಪ್ಪಿಗೆ ಆರಂಭದವರಿಗೆ ಮಾತ್ರ, ಮೇಲೇರಿದವರಿಗೆ ಅದು ಬೇಡ ಎಂಬ ಭಾವನೆ ಬೆಳೆದಿದೆ. ಈ ಜೋಡಣೆ ನಂತರದ ಶತಮಾನಗಳ ಸಂಕಲನಕಾರರದು. ತತ್ತ್ವಬೋಧೆಗೆ ಅದು ಉಪಯುಕ್ತ. ಆದರೆ ವಚನಗಳು ಆ ಕ್ರಮದಲ್ಲಿಯೇ ಹುಟ್ಟಿದವೆಂದು ತಿಳಿಯಲು ಆಧಾರವಿಲ್ಲ. ಮಹಾಮನೆಯ ಯಜಮಾನರಾಗಿ, ಪ್ರಮಥರ ನಡುವೆ ಗೌರವದ ತುದಿಯಲ್ಲಿದ್ದಾಗಲೇ ಬಸವಣ್ಣನವರು ಬೊಮ್ಮಯ್ಯನವರನ್ನು ಸಾಕ್ಷಿಗೆ ಕರೆದರು ಎಂಬುದನ್ನು ನೆನೆದರೆ, ಮೇಲಿನ ಮೆಟ್ಟಿಲಲ್ಲಿ ನಿಂತವರಿಗೇ ಆ ವಚನ ಹೆಚ್ಚು ಬೇಕು ಎನಿಸುತ್ತದೆ. ಪೀಠದ ಮೇಲೆ ಕುಳಿತವನಾಗಿ ನಾನು ಇದನ್ನು ಬರೆಯುತ್ತಿದ್ದೇನೆ.

ಆರಂಭದಲ್ಲಿ ಹೇಳಿದ ಎರಡು ಓದುಗಳಿಗೆ ಈಗ ಉತ್ತರ ದೊರೆಯಿತು. ಈ ವಚನಗಳು ಬರಿಯ ವಿನಯವಲ್ಲ. ವಿನಯಕ್ಕೆ ಸಾಕ್ಷಿಯ ಅಗತ್ಯವಿಲ್ಲ, ದಿವ್ಯದ ಅಗತ್ಯವಿಲ್ಲ. ಇವು ಆತ್ಮಚರಿತ್ರೆಯೂ ಅಲ್ಲ. ಆತ್ಮಚರಿತ್ರೆ ಆದದ್ದನ್ನು ಹೇಳಿ ಮುಗಿಸುತ್ತದೆ, ಇವು ಆಗಬೇಕಾದುದಕ್ಕೆ ಹೇಳುವವನನ್ನು ಕಟ್ಟಿಹಾಕುತ್ತವೆ. ಒಡೆಯನಿಲ್ಲದ ಮನೆಯ ವಚನ ನೆಪಗಳನ್ನು ಕಳಚುತ್ತದೆ. ಕೆಸರಿನ ವಚನ ಎತ್ತುವವನಿದ್ದಾನೆಂಬ ಧೈರ್ಯ ಕೊಡುತ್ತದೆ. ಬೊಮ್ಮಯ್ಯನವರ ವಚನ ನೊಂದವರ ಮನೆಯ ಬಾಗಿಲಿಗೆ ಕರೆದೊಯ್ಯುತ್ತದೆ. ಮೊದಲನೆಯದನ್ನಷ್ಟೇ ಹಿಡಿದವನು ಹತಾಶನಾಗುತ್ತಾನೆ. ಎರಡನೆಯದನ್ನಷ್ಟೇ ಹಿಡಿದವನು ಆ ಹಿರಿಯರು ಹೇಳಿದ ಚಟಕ್ಕೆ ಬೀಳುತ್ತಾನೆ. ನಾನು ಆ ರಾತ್ರಿ ಎರಡನೆಯದನ್ನು ಮಾತ್ರ ಕೊಟ್ಟೆ.

ಆದ್ದರಿಂದ ಚಿಂತಾಕಿಯ ಆ ಹಿರಿಯರಿಗೆ, ಅವರ ಮೂಲಕ ಆ ‘ಒಬ್ಬಾತ’ನಿಗೆ, ಬಾಕಿ ಉಳಿದ ಉತ್ತರವನ್ನು ಇಲ್ಲಿ ಸಲ್ಲಿಸುತ್ತೇನೆ. ಮುಂಜಾನೆಯ ಕಣ್ಣೀರನ್ನು ಬಿಡಬೇಡಿರಿ, ಅದು ಸುಳ್ಳಲ್ಲ. ಶಿವನು ಎತ್ತುವನೋ ಇಲ್ಲವೋ ಎಂಬ ಸಂಶಯವನ್ನೂ ಇಟ್ಟುಕೊಳ್ಳಬೇಡಿರಿ. ಆದರೆ ಬರುವ ಸಲ ಹರಗುವ ಮುಂಚೆ ತಮ್ಮನನ್ನು ಕರೆದುಕೊಂಡು ಹೊಲಕ್ಕೆ ಹೋಗಿರಿ. ಎಷ್ಟು ಸಾಲುಗಳೆಂಬುದನ್ನು ಬಾಯಿಬಿಟ್ಟು ಹೇಳಿರಿ. ಹಳೆಯ ಬದುವಿನ ಕಲ್ಲು ಎಲ್ಲಿತ್ತೆಂಬುದು ನಿಮಗೆ ಗೊತ್ತಿದೆ, ಅಲ್ಲಿಯೇ ನೆಡಿರಿ. ತಮ್ಮನು ಸಿಟ್ಟಾಗಬಹುದು, ಊರು ಆಡಿಕೊಳ್ಳಬಹುದು. ಅದೇ ನಿಮ್ಮ ದಿವ್ಯ. ಒಬ್ಬರೇ ಹೋಗಲು ಕಾಲು ಬಾರದಿದ್ದರೆ ಹೇಳಿಕಳಿಸಿರಿ. ಬೊಮ್ಮಯ್ಯನವರ ಯೋಗ್ಯತೆ ನನಗಿಲ್ಲ. ಆದರೂ ಸಾಕ್ಷಿಯಾಗಿ ಬದುವಿನ ಮೇಲೆ ಬಂದು ನಿಲ್ಲುತ್ತೇನೆ. ಅಂದು ಅರ್ಧ ಉತ್ತರ ಕೊಟ್ಟವನು ತೀರಿಸಬೇಕಾದ ಸಾಲ ಅದು.